ಚಿಕ್ಕ ಮ್ಯಾಪ್, ನಿಧಾನದ ಆಟ

ಸಿವಿಲೈಸೇಷನ್ 6 (ಚಿಕ್ಕದಾಗಿ ಸಿವ್ 6) ಅನ್ನುವುದು ಒಂದು ರಾಜ್ಯವನ್ನು ಪ್ರಾಚೀನ ಕಾಲದಿಂದ ಬೆಳೆಸುತ್ತಾ ಹೋಗುವ, ಸರದಿಯ ಮೇಲೆ ಆಡುವ ಕಂಪ್ಯೂಟರ್ ಆಟ. ಅದರಲ್ಲಿ ಹೊಸ ಆಟ ಶುರು ಮಾಡುವಾಗ ಒಂದು ಪರದೆ ಬರುತ್ತದೆ. ಯಾವ ನಾಯಕ ಬೇಕು, ಆಟ ಎಷ್ಟು ಕಷ್ಟ ಇರಬೇಕು, ಮ್ಯಾಪ್ ಎಷ್ಟು ದೊಡ್ಡದಿರಬೇಕು ಎಂದೆಲ್ಲ ಕೇಳುತ್ತದೆ. ಅದರ ನಡುವೆ ಗೇಮ್ ಸ್ಪೀಡ್ ಅಂತ ಒಂದು ಸಾಲು. ಆನ್‌ಲೈನ್, ಕ್ವಿಕ್, ಸ್ಟ್ಯಾಂಡರ್ಡ್, ಎಪಿಕ್, ಮ್ಯಾರಥಾನ್. ಇದನ್ನು ಸಮಯದ ಲೆಕ್ಕ ಎಂದುಕೊಳ್ಳುವುದು ಸಹಜ. ಬಿಡುವು ಕಮ್ಮಿ ಇದ್ದರೆ ಆನ್‌ಲೈನ್, ರಜೆ ಇದ್ದರೆ ಮ್ಯಾರಥಾನ್. ನನಗೆ ಮಾತ್ರ ಇಡೀ ಪರದೆಯಲ್ಲಿ ಅದೇ ಮುಖ್ಯವಾದ ಸಾಲು. ನಾಯಕ ಯಾರು ಅನ್ನುವುದಕ್ಕಿಂತ ಮುಖ್ಯ. ಏಕೆಂದರೆ ಆ ಆಟದಲ್ಲಿ ಯುದ್ಧ ಮಾಡಿ ಗೆಲ್ಲಬಹುದೋ ಇಲ್ಲವೋ, ಬಿಲ್ಲುಗಾರರಿಗೆ ಬೆಲೆ ಇದೆಯೋ ಇಲ್ಲವೋ, ಒಂದು ಯುಗ ನಿಮ್ಮ ಕಣ್ಣಿಗೆ ಕಾಣುತ್ತದೋ ಇಲ್ಲವೋ, ಎಲ್ಲ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಒಮ್ಮೆ ಆಟ ಶುರುವಾದ ಮೇಲೆ ಅದನ್ನು ಬದಲಾಯಿಸಲೂ ಆಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆದ್ದರಿಂದ ಮೊದಲು ಅಂಕಿಗಳನ್ನೇ ನೋಡೋಣ.

ಸಿವ್ 6ರಲ್ಲಿ ಸ್ಟ್ಯಾಂಡರ್ಡ್ ಆಟಕ್ಕೆ 500 ಟರ್ನ್‌ಗಳ, ಅಂದರೆ ಸರದಿಗಳ, ಮಿತಿ. ಆನ್‌ಲೈನ್‌ಗೆ 250, ಕ್ವಿಕ್‌ಗೆ 330, ಎಪಿಕ್‌ಗೆ 750, ಮ್ಯಾರಥಾನ್‌ಗೆ 1500. ಇಷ್ಟು ಟರ್ನ್ ಆಡಲೇಬೇಕು ಅಂತೇನಿಲ್ಲ. ವಿಜ್ಞಾನದಿಂದಲೋ ಸಂಸ್ಕೃತಿಯಿಂದಲೋ ಯಾರಾದರೂ ಮೊದಲೇ ಗೆದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಮಿತಿಯವರೆಗೂ ಯಾರೂ ಗೆಲ್ಲದಿದ್ದರೆ ಅಂಕ ಜಾಸ್ತಿ ಇದ್ದವರು ಗೆದ್ದಂತೆ. ಒಳಗೆ ನಡೆಯುವುದು ಸರಳ ಗುಣಾಕಾರ. ಸ್ಟ್ಯಾಂಡರ್ಡ್‌ನಲ್ಲಿ ಒಬ್ಬ ವಾರಿಯರ್‌ಗೆ, ಅಂದರೆ ಮೊದಲ ಕಾಲದ ಯೋಧನಿಗೆ, 40 ಪ್ರೊಡಕ್ಷನ್ (ನಗರದ ಉತ್ಪಾದನೆ) ಬೇಕು. ಆನ್‌ಲೈನ್‌ನಲ್ಲಿ ಅದು ಅರ್ಧ, 20. ಮ್ಯಾರಥಾನ್‌ನಲ್ಲಿ ಮೂರು ಪಟ್ಟು, 120. ತಂತ್ರಜ್ಞಾನಕ್ಕೂ ಹೀಗೇ. ಕಟ್ಟಡಗಳಿಗೂ ಹೀಗೇ.

ಆದರೆ ವಾರಿಯರ್ ಒಂದು ಟರ್ನ್‌ನಲ್ಲಿ ನಡೆಯುವ ದೂರ? ಅದು ಯಾವ ವೇಗದಲ್ಲೂ 2 ಮೂವ್‌ಮೆಂಟ್, ಅಂದರೆ ಬಯಲಿನಲ್ಲಿ ಎರಡು ಟೈಲ್ (ಮ್ಯಾಪಿನ ಮನೆಗಳು). ಆನ್‌ಲೈನ್‌ನಲ್ಲೂ 2, ಮ್ಯಾರಥಾನ್‌ನಲ್ಲೂ 2. ಗಾಯ ಮಾಯುವ ವೇಗವೂ ಅಷ್ಟೇ. ಸ್ವಂತ ನೆಲದಲ್ಲಿ ವಿಶ್ರಾಂತಿ ತೆಗೆದುಕೊಂಡರೆ ಟರ್ನ್‌ಗೆ 15 ಅಂಕ ಆರೋಗ್ಯ, ಶತ್ರುವಿನ ನೆಲದಲ್ಲಿ 5. ಬಾಣ ಹೊಡೆಯುವುದು ಟರ್ನ್‌ಗೆ ಒಂದೇ ಸಲ. ಖರ್ಚುಗಳೆಲ್ಲ ಹಿಗ್ಗುತ್ತವೆ, ಕುಗ್ಗುತ್ತವೆ. ಕಾಲು ಮಾತ್ರ ಇದ್ದ ಹಾಗೇ ಇರುತ್ತದೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಪಕ್ಕದ ರಾಜ್ಯ ನಿಮ್ಮ ನಗರದಿಂದ ಹತ್ತು ಟೈಲ್ ಆಚೆ ಇದೆ ಎಂದುಕೊಳ್ಳಿ. ನಡುವೆ ಬರೀ ಗುಡ್ಡ, ಕಾಡು. ಸಿವ್ 6ರಲ್ಲಿ ಗುಡ್ಡ ಹತ್ತಲು 2 ಮೂವ್‌ಮೆಂಟ್ ಬೇಕು, ಕಾಡಿಗೂ 2. ಅಂದರೆ ನಿಮ್ಮ ಸೈನ್ಯ ಟರ್ನ್‌ಗೆ ಒಂದು ಟೈಲ್ ಹೋಗುತ್ತದೆ. ಹತ್ತು ಟೈಲ್‌ಗೆ ಹತ್ತು ಟರ್ನ್. ಈಗ ಸ್ಟ್ಯಾಂಡರ್ಡ್‌ನಲ್ಲಿ ಹತ್ತು ಟರ್ನ್ ಹಿಡಿಯುವ ಒಂದು ತಂತ್ರಜ್ಞಾನ ತೆಗೆದುಕೊಳ್ಳಿ. ನೀವು ಹೊರಟು ಮುಟ್ಟುವಷ್ಟರಲ್ಲಿ ಆ ಕಡೆಯವನು ಸರಿಯಾಗಿ ಒಂದನ್ನು ಕಲಿತಿರುತ್ತಾನೆ. ಆನ್‌ಲೈನ್‌ನಲ್ಲಿ ಅದೇ ತಂತ್ರಜ್ಞಾನಕ್ಕೆ ಐದು ಟರ್ನ್. ಅಂದರೆ ನೀವು ಮುಟ್ಟುವಾಗ ಅವನು ಎರಡನ್ನು ಮುಗಿಸಿರುತ್ತಾನೆ. ಒಂದು ಮೇಸನ್ರಿ ಆಗಿದ್ದರೆ ನಗರದ ಸುತ್ತ ಗೋಡೆ ಎದ್ದಿರುತ್ತದೆ. ನಿಮ್ಮ ವಾರಿಯರ್‌ಗಳು ಆ ಗೋಡೆಯ ಮುಂದೆ ನಿಂತು ಸಾಯುವುದಷ್ಟೇ. ಮ್ಯಾರಥಾನ್‌ನಲ್ಲಾದರೆ ಅದಕ್ಕೆ ಮೂವತ್ತು ಟರ್ನ್. ನೀವು ಮುಟ್ಟಿದಾಗ ಅವನ ಕಲಿಕೆ ಮೂರನೇ ಒಂದು ಭಾಗವೂ ದಾಟಿರುವುದಿಲ್ಲ. ನೀವು ಹೊರಟಾಗ ಎದುರಾಳಿ ಹೇಗಿದ್ದನೋ ಹಾಗೇ ಸಿಗುತ್ತಾನೆ. ಮೇಲಾಗಿ ಅವನು ಕಳೆದುಕೊಂಡ ಒಬ್ಬ ವಾರಿಯರ್‌ನನ್ನು ಮತ್ತೆ ತಯಾರು ಮಾಡಲು ಮೂರು ಪಟ್ಟು ಟರ್ನ್ ಬೇಕು. ಅಷ್ಟರಲ್ಲಿ ನಗರ ನಿಮ್ಮ ಕೈಯಲ್ಲಿ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಏಕದಿನದಿಂದ ಟಿ20ಗೆ ಬಂದಾಗ ಓವರ್‌ಗಳು 50ರಿಂದ 20ಕ್ಕೆ ಇಳಿದವು. ವಿಕೆಟ್‌ಗಳು ಮಾತ್ರ ಹತ್ತೇ ಉಳಿದವು. ಅಷ್ಟಕ್ಕೇ ವಿಕೆಟ್ಟಿನ ಬೆಲೆ ಇಳಿಯಿತು, ಬ್ಯಾಟ್ ಬೀಸುವ ರೀತಿಯೇ ಬದಲಾಯಿತು. ಯಾವುದನ್ನು ಕಡಿಮೆ ಮಾಡಿದರು ಅನ್ನುವಷ್ಟೇ ಯಾವುದನ್ನು ಹಾಗೇ ಬಿಟ್ಟರು ಅನ್ನುವುದೂ ಮುಖ್ಯ.

ಸಿವ್ ಮಾಡುವವರಿಗೆ ಇದು ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಇದೆ. 2005ರಲ್ಲಿ ಬಂದ ಸಿವಿಲೈಸೇಷನ್ 4ರಲ್ಲಿ ಮ್ಯಾರಥಾನ್ ಆಡಿದರೆ ತಂತ್ರಜ್ಞಾನಕ್ಕೆ ಮೂರು ಪಟ್ಟು ಖರ್ಚು, ಕಟ್ಟಡಕ್ಕೆ ಮೂರು ಪಟ್ಟು ಖರ್ಚು. ಸೈನ್ಯಕ್ಕೆ ಮಾತ್ರ ಎರಡೇ ಪಟ್ಟು. ಅಂದರೆ ಅಲ್ಲಿ ಯುದ್ಧಕ್ಕೆ ಎರಡು ಕಡೆಯಿಂದ ಲಾಭ. ನಡೆಯಲು ಸಮಯ ಜಾಸ್ತಿ, ಸೈನಿಕರೂ ಅಗ್ಗ. ಸಿವ್ 4ರ ಮ್ಯಾರಥಾನ್‌ನಲ್ಲಿ ಕೊಡಲಿ ಹಿಡಿದ ಆಕ್ಸ್‌ಮನ್‌ಗಳ ಪಡೆ ಕಟ್ಟಿಕೊಂಡು ಹೊರಟರೆ ಆ ಪಡೆ ಹಳೆಯದಾಗುವ ಮೊದಲೇ ಅರ್ಧ ಖಂಡ ಸುತ್ತಬಹುದು. ಕ್ವಿಕ್‌ನಲ್ಲಿ ಅದೇ ಪಡೆ ಎರಡನೇ ನಗರ ಮುಟ್ಟುವುದರೊಳಗೆ ಎದುರಿಗೆ ಲಾಂಗ್‌ಬೋ (ಮುಂದಿನ ಕಾಲದ ಉದ್ದ ಬಿಲ್ಲಿನ ಪಡೆ) ಬಂದಿರುತ್ತದೆ. ಹೆಸರು ಒಂದೇ, ಚಿತ್ರ ಒಂದೇ. ಆಡುತ್ತಿರುವ ಆಟ ಬೇರೆ.

ನಿಧಾನದ ವೇಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಯುದ್ಧವಲ್ಲ. ಶುರುವಿನ ಹುಡುಕಾಟ. ಸ್ಕೌಟ್ ಒಬ್ಬನನ್ನು ಕಳಿಸಿ ಕತ್ತಲಲ್ಲಿರುವ ಮ್ಯಾಪ್ ತೆರೆಯುವುದು. ಸ್ಕೌಟ್‌ನ ಕಾಲೂ ಬದಲಾಗುವುದಿಲ್ಲ, ಟರ್ನ್‌ಗೆ 3. ಹಾಗಾಗಿ ಎಪಿಕ್ ಅಥವಾ ಮ್ಯಾರಥಾನ್‌ನಲ್ಲಿ ಮೊದಲ ಯುಗ ಮುಗಿಯುವಷ್ಟರಲ್ಲಿ ನಿಮ್ಮ ಖಂಡದ ಆಕಾರ ಪೂರ್ತಿ ಗೊತ್ತಾಗುತ್ತದೆ. ನದಿ ಎಲ್ಲಿ ತಿರುಗುತ್ತದೆ, ಬೆಟ್ಟದ ಸಾಲಿನಲ್ಲಿ ಸಂದು ಎಲ್ಲಿದೆ, ಯಾವ ನಗರ-ರಾಜ್ಯ ಯಾರ ಹತ್ತಿರ ಇದೆ ಎಂದೆಲ್ಲ ತಿಳಿದ ಮೇಲೆ ನಗರ ಕಟ್ಟುವ ಜಾಗ ಆರಿಸಬಹುದು. ಆನ್‌ಲೈನ್‌ನಲ್ಲಿ ಹಾಗಲ್ಲ. ಸ್ಕೌಟ್ ಮೊದಲ ಬೆಟ್ಟ ದಾಟುವುದರೊಳಗೆ ಎರಡನೇ ನಗರ ಕಟ್ಟುವ ಸಮಯ ಬಂದಿರುತ್ತದೆ. ಕಂಡಷ್ಟರಲ್ಲೇ ಆರಿಸಬೇಕು. ಅದರಲ್ಲೂ ಒಂದು ರುಚಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ನೆಲವನ್ನು ನೋಡಿ ತಿಳಿದುಕೊಳ್ಳುವುದೇ ಈ ಆಟದ ಅರ್ಧ ಸುಖ.

ಸಿವ್ 5ರ ಕ್ಯಾಲೆಂಡರ್ ನೋಡಿದರೂ ಇದು ಗೊತ್ತಾಗುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಕ್ರಿ.ಪೂ. 4000ದಿಂದ ಶುರು. ಮೊದಲ 75 ಟರ್ನ್‌ಗಳು ತಲಾ 40 ವರ್ಷ. ಅಷ್ಟಕ್ಕೇ ಕ್ರಿ.ಪೂ. 1000 ಬಂದಿರುತ್ತದೆ. ಆಮೇಲೆ ಟರ್ನ್‌ಗೆ 25 ವರ್ಷ, 20 ವರ್ಷ, 10 ವರ್ಷ ಅಂತ ಇಳಿಯುತ್ತಾ ಬಂದು ಕೊನೆಯಲ್ಲಿ ಟರ್ನ್‌ಗೆ ಅರ್ಧ ವರ್ಷ. 2050ಕ್ಕೆ ಮುಕ್ತಾಯ. ನಲವತ್ತು ವರ್ಷದಲ್ಲಿ ಒಬ್ಬ ಯೋಧ ಎರಡು ಟೈಲ್ ನಡೆದ ಅನ್ನುವುದನ್ನು ನಿಜದ ಇತಿಹಾಸದ ಜೊತೆ ಹೋಲಿಸಬಾರದು. ಆದರೆ ಆಟ ಮಾಡುವವರು ಏನನ್ನು ಹಿಗ್ಗಿಸಿದ್ದಾರೆ, ಏನನ್ನು ಅದುಮಿದ್ದಾರೆ ಅನ್ನುವುದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಮೊದಲ ಮೂರು ಸಾವಿರ ವರ್ಷಕ್ಕೆ 75 ಟರ್ನ್. 1900ರ ನಂತರದ 150 ವರ್ಷಕ್ಕೆ 180.

ಈಗ ಗಡಿಯಾರದ ಸಮಯಕ್ಕೆ ಬರುತ್ತೇನೆ. 'ನನಗೆ ಅಷ್ಟೊಂದು ಟೈಮ್ ಇಲ್ಲ' ಅನ್ನುವುದು ನ್ಯಾಯವಾದ ಮಾತು. ನನಗೂ ಸಿಗುವುದು ರಾತ್ರಿ ಉತ್ತರಪತ್ರಿಕೆ ತಿದ್ದಿ ಮುಗಿಸಿದ ಮೇಲಿನ ಸ್ವಲ್ಪ ಹೊತ್ತು. ಆದರೆ ಒಂಟಿಯಾಗಿ ಆಡುವಾಗ ಗಂಟೆಗಳನ್ನು ತಿನ್ನುವುದು ಟರ್ನ್‌ಗಳ ಸಂಖ್ಯೆಯಲ್ಲ. ಒಂದೊಂದು ಟರ್ನ್‌ನಲ್ಲಿ ನೀವು ಮಾಡಬೇಕಾದ ತೀರ್ಮಾನಗಳ ಸಂಖ್ಯೆ. ಶುರುವಿನಲ್ಲಿ ಒಂದು ನಗರ, ಒಬ್ಬ ವಾರಿಯರ್. ಟರ್ನ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಹದಿನೈದು ನಗರ, ನಲವತ್ತು ಯೂನಿಟ್ (ಸೈನಿಕರು, ಕೆಲಸಗಾರರು), ಆರು ವ್ಯಾಪಾರದ ದಾರಿ ಇದ್ದಾಗ ಒಂದೇ ಟರ್ನ್‌ಗೆ ಹತ್ತು ನಿಮಿಷ ಹೋದರೂ ಹೋಯಿತು. ಗೇಮ್ ಸ್ಪೀಡ್ ಈ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸುತ್ತದೆ. ಚುರುಕಾಗಿ ಓಡುವ ಶುರುವನ್ನೂ, ತೆವಳುವ ಕೊನೆಯನ್ನೂ.

ಅದಕ್ಕೇ ಸಮಯ ಉಳಿಸಬೇಕು ಅನ್ನುವವರಿಗೆ ನಾನು ಹೇಳುವುದು: ಮೊದಲು ಮ್ಯಾಪ್ ಚಿಕ್ಕದು ಮಾಡಿ. ಸಿವ್ 6ರಲ್ಲಿ ಹ್ಯೂಜ್ ಮ್ಯಾಪ್ 106 ಅಡ್ಡ, 66 ಉದ್ದ. ಸುಮಾರು ಏಳು ಸಾವಿರ ಟೈಲ್, ಹನ್ನೆರಡು ರಾಜ್ಯಗಳು. ಟೈನಿ ಮ್ಯಾಪ್ 60 ಅಡ್ಡ, 38 ಉದ್ದ. 2280 ಟೈಲ್, ನಾಲ್ಕು ರಾಜ್ಯಗಳು. ಟೈನಿಯಲ್ಲಿ ನೀವು ಕಟ್ಟುವ ನಗರಗಳೇ ಕಮ್ಮಿ. ಸಂಧಾನಕ್ಕೆ ಬರುವ ಮುಖಗಳೂ ಕಮ್ಮಿ. ಕಂಪ್ಯೂಟರ್ ತನ್ನ ಸರದಿ ಮುಗಿಸಲು ಹಿಡಿಯುವ ಹೊತ್ತೂ ಕಮ್ಮಿ. ಆಮೇಲೆ ಕ್ವಿಕ್ ಮೂವ್‌ಮೆಂಟ್, ಕ್ವಿಕ್ ಕಾಂಬ್ಯಾಟ್ ಅನ್ನುವ ಎರಡು ಆಯ್ಕೆ ಇವೆ, ಅವನ್ನು ಆನ್ ಮಾಡಿ. ಯೂನಿಟ್‌ಗಳು ನಡೆದಾಡುವುದು, ಕತ್ತಿ ಬೀಸುವುದು ತೋರಿಸುವುದನ್ನು ಆಟ ಬಿಟ್ಟುಬಿಡುತ್ತದೆ. ನಿಯಮ ಒಂದೂ ಬದಲಾಗುವುದಿಲ್ಲ, ನಿಮಿಷಗಳು ಉಳಿಯುತ್ತವೆ. ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಆಗ ಸ್ಪೀಡ್ ಮುಟ್ಟಿ.

ನನ್ನ ಮೆಚ್ಚಿನ ಜೋಡಿ ಸ್ಮಾಲ್ ಅಥವಾ ಟೈನಿ ಮ್ಯಾಪ್, ಎಪಿಕ್ ಸ್ಪೀಡ್. ಟರ್ನ್‌ಗಳು ಜಾಸ್ತಿ, ಆದರೆ ಒಂದೊಂದು ಟರ್ನ್ ಹಗುರ. ಒಂದು ಯುಗದ ಸೈನ್ಯ ಆ ಯುಗದಲ್ಲೇ ಕೆಲಸಕ್ಕೆ ಬರುತ್ತದೆ. ಸ್ವೋರ್ಡ್ಸ್‌ಮನ್ ತಯಾರಾದ ಮೇಲೆ ಅವನಿಗೆ ಯುದ್ಧ ಮಾಡುವ ಅವಕಾಶ ಸಿಗುತ್ತದೆ. ಇದು ಎಲ್ಲರಿಗೂ ಹೊಂದುತ್ತದೆ ಅಂತ ಅಲ್ಲ. ಶಾಂತಿಯಿಂದ ನಗರ ಕಟ್ಟುತ್ತಾ, ವಿಸ್ಮಯಗಳನ್ನು (ಪಿರಮಿಡ್ ತರಹದ ಮಹಾಕಟ್ಟಡಗಳನ್ನು) ಕಟ್ಟುತ್ತಾ ಹೋಗುವವರಿಗೆ ಎಪಿಕ್‌ನಲ್ಲಿ 'ನೆಕ್ಸ್ಟ್ ಟರ್ನ್' ಒತ್ತುವುದೇ ಜಾಸ್ತಿ ಅನ್ನಿಸಬಹುದು. ಅವರಿಗೆ ಕ್ವಿಕ್ ಸರಿಯಾದ ಆಯ್ಕೆ. ಗೋಡೆ ಬೇಗ ಏಳುತ್ತದೆ, ದಾಳಿ ಮಾಡುವವನು ತಡವಾಗಿ ಬರುತ್ತಾನೆ, ಕಟ್ಟುವವನಿಗೆ ಅನುಕೂಲ.

ನನ್ನ ತಮ್ಮನ ಜೊತೆ ಆಡುವಾಗ ಮಾತ್ರ ಈ ಲೆಕ್ಕ ಪೂರ್ತಿ ತಿರುಗಿ ಬೀಳುತ್ತದೆ. ಅವನಿರುವುದು ಬೇರೆ ಊರಿನಲ್ಲಿ. ಇಬ್ಬರೂ ಒಂದೇ ಹೊತ್ತಿಗೆ ಬಿಡುವಾಗಿರುವುದಿಲ್ಲ. ಹಾಗಾಗಿ ಪ್ಲೇ ಬೈ ಕ್ಲೌಡ್‌ನಲ್ಲಿ ಆಡುತ್ತೇವೆ. ನನ್ನ ಸರದಿ ಮುಗಿಸಿ ಬಿಟ್ಟರೆ ಅವನಿಗೆ ಸುದ್ದಿ ಹೋಗುತ್ತದೆ, ಅವನು ಬಿಡುವಾದಾಗ ತನ್ನದನ್ನು ಆಡುತ್ತಾನೆ. ಇಲ್ಲಿ ಒಂದು ಟರ್ನ್‌ನಲ್ಲಿ ಎಷ್ಟು ತೀರ್ಮಾನ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಟರ್ನ್‌ಗಳ ಸಂಖ್ಯೆಯೇ ಎಲ್ಲ. ದಿನಕ್ಕೆ ಒಂದು ಟರ್ನ್ ಅಂದರೆ 500 ಟರ್ನ್‌ಗೆ ಒಂದು ವರ್ಷಕ್ಕಿಂತ ಜಾಸ್ತಿ. ಆನ್‌ಲೈನ್‌ನ 250 ಕೂಡ ಎಂಟು ತಿಂಗಳು.

"ಅಕ್ಕಾ, ಆನ್‌ಲೈನ್ ಸ್ಪೀಡೇ ಇರಲಿ. ಇಲ್ಲದಿದ್ದರೆ ಇದು ಮುಗಿಯೋ ಆಟ ಅಲ್ಲ" ಅಂದ.

ಅವನು ಹೇಳಿದ್ದು ಸರಿ. ಆದರೆ ಆನ್‌ಲೈನ್ ಸ್ಪೀಡಿನಲ್ಲಿ ದೊಡ್ಡ ಮ್ಯಾಪ್ ಹಾಕಿದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದೇ ಇಲ್ಲ. ಅವನು ಅವನ ಮೂಲೆಯಲ್ಲಿ, ನಾನು ನನ್ನ ಮೂಲೆಯಲ್ಲಿ. ಸೈನ್ಯ ಕಳಿಸಿದರೆ ದಾರಿಯಲ್ಲೇ ಹಳೆಯದಾಗುತ್ತದೆ. ಕೊನೆಗೆ ವಿಜ್ಞಾನದ ಗೆಲುವಿಗೆ ಯಾರ ರಾಕೆಟ್ ಮೊದಲು ಹಾರುತ್ತದೆ ಅನ್ನುವ ಓಟವಷ್ಟೇ ಉಳಿಯುತ್ತದೆ.

"ಸ್ಪೀಡ್ ನೀನು ಹೇಳಿದ್ದು, ಮ್ಯಾಪ್ ನಾನು ಹೇಳಿದ್ದು. ಡ್ಯೂಯಲ್ ಹಾಕೋಣ" ಅಂದೆ.

ಡ್ಯೂಯಲ್ ಅಂದರೆ 44 ಅಡ್ಡ, 26 ಉದ್ದ, ಇಬ್ಬರಿಗೇ ಮಾಡಿದ ಮ್ಯಾಪ್. ಅಲ್ಲಿ ನಮ್ಮ ನಡುವೆ ಹತ್ತು ಟೈಲ್ ಇರಬೇಕಾದ ಕಡೆ ಐದೋ ಆರೋ ಇರುತ್ತವೆ. ತಂತ್ರಜ್ಞಾನ ಎರಡು ಪಟ್ಟು ಬೇಗ, ದಾರಿಯೂ ಹೆಚ್ಚುಕಮ್ಮಿ ಅರ್ಧ. ಅನುಪಾತ ಮತ್ತೆ ಸರಿಹೋಯಿತು. ಆರ್ಚರ್‌ಗಳಿಗೆ ಮತ್ತೆ ಕೆಲಸ ಬಂತು. ಆ ಆಟದಲ್ಲಿ ತಮ್ಮ ನನ್ನ ಗಡಿಯ ನಗರವನ್ನು ಕಲ್ಲೆಸೆಯುವ ಎರಡೇ ಕ್ಯಾಟಪಲ್ಟ್ ತಂದು ಕಿತ್ತುಕೊಂಡ. ಅದಕ್ಕಿಂತ ಚೆನ್ನಾದ ದಾಳಿಯನ್ನು ನಾನು ನೋಡಿಲ್ಲ. ಟರ್ನ್ ಕಮ್ಮಿ ಮಾಡಿದರೆ ದೂರವನ್ನೂ ಕಮ್ಮಿ ಮಾಡಬೇಕು. ಎರಡು ಸಾಲನ್ನು ಬೇರೆ ಬೇರೆಯಾಗಿ ಆರಿಸುವಂತೆ ಆಟದ ಪರದೆ ತೋರಿಸುತ್ತದೆ, ನಿಜವಾಗಿ ಅವೆರಡೂ ಒಂದೇ ಪ್ರಶ್ನೆಯ ಎರಡು ತುದಿ.

ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಆಡಿದವರಿಗೆ ಇದು ಹೊಸದಲ್ಲ. 1999ರ ಆ ಆಟದಲ್ಲಿ ಸಿವ್ ತರಹದ ಗೇಮ್ ಸ್ಪೀಡ್ ಇಲ್ಲವೇ ಇಲ್ಲ. ಒಂದು ಟರ್ನ್ ಅಂದರೆ ಒಂದು ದಿನ. ಏಳು ದಿನಕ್ಕೊಂದು ವಾರ. ವಾರದ ಮೊದಲ ದಿನ ಹೊಸ ಸೈನಿಕರು ಹುಟ್ಟುತ್ತಾರೆ. ಆಟ ಎಷ್ಟು ಉದ್ದ ಅನ್ನುವುದನ್ನು ಹೇಳುವುದು ಮ್ಯಾಪ್ ಮಾತ್ರ. ಸ್ಮಾಲ್ ಮ್ಯಾಪ್ 36 ಅಡ್ಡ, 36 ಉದ್ದ. ಎಕ್ಸ್‌ಟ್ರಾ ಲಾರ್ಜ್ 144 ಅಡ್ಡ, 144 ಉದ್ದ, ಅಂದರೆ ಹದಿನಾರು ಪಟ್ಟು ನೆಲ. ಕೆಳಗೆ ಪಾತಾಳವೂ ಇದ್ದರೆ ಅದರ ಎರಡು ಪಟ್ಟು. ಇಲ್ಲೂ ಉದ್ದ ಬದಲಾದರೆ ವಸ್ತುಗಳ ಬೆಲೆ ಬದಲಾಗುತ್ತದೆ. ಟೌನ್ ಪೋರ್ಟಲ್ ಅನ್ನುವ ಮಂತ್ರ ಇದೆಯಲ್ಲ, ಎಲ್ಲೋ ಇರುವ ಹೀರೋ ತನ್ನ ಊರಿಗೆ ಕ್ಷಣದಲ್ಲಿ ಬಂದು ನಿಲ್ಲುವುದು? ಸ್ಮಾಲ್ ಮ್ಯಾಪ್‌ನಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡು ದಿನ ನಡೆದರೆ ಮನೆ ಸಿಗುತ್ತದೆ. ಎಕ್ಸ್‌ಟ್ರಾ ಲಾರ್ಜ್‌ನಲ್ಲಿ ಅದೊಂದು ಮಂತ್ರ ಯಾರಿಗೆ ಸಿಕ್ಕಿತೋ ಅವರು ಅರ್ಧ ಗೆದ್ದಂತೆ. ವಾರಗಟ್ಟಲೆ ದಾರಿಯನ್ನು ಅದು ನುಂಗಿಬಿಡುತ್ತದೆ. ಡೈಮೆನ್ಷನ್ ಡೋರ್ ಕೂಡ ಹಾಗೇ.

ಆಟದ ಉದ್ದವನ್ನು ಬೇರೆ ರೀತಿಯಲ್ಲಿ ಕಟ್ಟಿದವರೂ ಇದ್ದಾರೆ. ದಿ ಬ್ಯಾಟಲ್ ಆಫ್ ಪಾಲಿಟೋಪಿಯಾದ ಪರ್ಫೆಕ್ಷನ್ ಅನ್ನುವ ಬಗೆಯಲ್ಲಿ ಸರಿಯಾಗಿ 30 ಟರ್ನ್. ಆಮೇಲೆ ಅಂಕ ಎಣಿಕೆ, ಮುಗೀತು. ಫೋನಿನಲ್ಲಿ ಆಡಲು ಅದು ಅಚ್ಚುಕಟ್ಟು, ನನಗೆ ಇಷ್ಟ. ಆದರೆ ಕೊನೆ ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಕೊನೆಯ ಟರ್ನ್‌ಗಳ ಸ್ವಭಾವ ಬದಲಾಗುತ್ತದೆ. 28ನೇ ಟರ್ನ್‌ನಲ್ಲಿ ಯಾರೂ ಮುಂದಿನ ದಿನಗಳ ಆದಾಯಕ್ಕೆ ಅಂತ ಖರ್ಚು ಮಾಡುವುದಿಲ್ಲ, ಮುಂದಿನ ದಿನಗಳೇ ಇಲ್ಲವಲ್ಲ. ಇರುವ ನಕ್ಷತ್ರಗಳನ್ನೆಲ್ಲ (ಆ ಆಟದ ಹಣ) ಅಂಕ ಬರುವ ಕಡೆ ಸುರಿಯುತ್ತೇವೆ. ಅದೇ ಆಟದಲ್ಲಿ ಡಾಮಿನೇಷನ್ ಅನ್ನುವ ಇನ್ನೊಂದು ಬಗೆ ಇದೆ. ಅಲ್ಲಿ ಟರ್ನ್‌ನ ಮಿತಿ ಇಲ್ಲ, ಎದುರಾಳಿಗಳು ಅಳಿಯಬೇಕು ಅಷ್ಟೇ. ಎರಡರ ನಿಯಮಗಳೂ ಹೆಚ್ಚುಕಮ್ಮಿ ಒಂದೇ, ಮನಸ್ಸು ಮಾತ್ರ ಬೇರೆ ದಿಕ್ಕಿನಲ್ಲಿ ಓಡುತ್ತದೆ.

ಹ್ಯೂಮನ್‌ಕೈಂಡ್ ಬಗ್ಗೆ ಒಂದು ಮಾತು ಸಾಕು. 2021ರ ಆ ಆಟದಲ್ಲಿ ಬ್ಲಿಟ್ಜ್‌ಗೆ 75 ಟರ್ನ್, ನಾರ್ಮಲ್‌ಗೆ 300, ಎಂಡ್‌ಲೆಸ್‌ಗೆ 600. ಎಂಟು ಪಟ್ಟು ವ್ಯತ್ಯಾಸ. ಬ್ಲಿಟ್ಜ್‌ನಲ್ಲಿ ಸಂಸ್ಕೃತಿಯೊಂದನ್ನು ಆರಿಸಿ ಅದರ ವಿಶೇಷ ಸೈನಿಕ ಯಾರು ಅಂತ ನೋಡುವುದರೊಳಗೆ ಮುಂದಿನ ಯುಗದ ಬಾಗಿಲು ತೆರೆದಿರುತ್ತದೆ.

ನನ್ನ ಮೆಚ್ಚುಗೆ ಪೂರ್ತಿ ಗಳಿಸಿದ್ದು ಇನ್‌ಟು ದ ಬ್ರೀಚ್. ಸಬ್‌ಸೆಟ್ ಗೇಮ್ಸ್‌ನವರು 2018ರಲ್ಲಿ ತಂದದ್ದು. ಎಂಟು ಅಡ್ಡ ಎಂಟು ಉದ್ದದ ಹಲಗೆ, ಮೂರು ಯಂತ್ರಗಳು, ನೆಲದಿಂದ ಏಳುವ ದೈತ್ಯ ಹುಳುಗಳು. ನಾಲ್ಕು ದ್ವೀಪಗಳಿವೆ. ಎರಡು ದ್ವೀಪ ಉಳಿಸಿದ ಮೇಲೆ ಯಾವಾಗ ಬೇಕಾದರೂ ಕೊನೆಯ ಯುದ್ಧಕ್ಕೆ ಹೋಗಬಹುದು. ಎರಡಕ್ಕೇ ಹೋಗುತ್ತೀರೋ, ಮೂರಕ್ಕೋ, ನಾಲ್ಕಕ್ಕೋ? ಇದನ್ನು ಶುರುವಿನ ಪರದೆಯಲ್ಲಿ ಕೇಳುವುದಿಲ್ಲ. ಆಟದ ನಡುವೆ, ನಿಮ್ಮ ಯಂತ್ರಗಳ ಸ್ಥಿತಿ ಏನು, ನಗರದ ವಿದ್ಯುತ್ ಎಷ್ಟು ಉಳಿದಿದೆ ಅಂತ ಗೊತ್ತಾದ ಮೇಲೆ ಕೇಳುತ್ತದೆ. ಇನ್ನೊಂದು ದ್ವೀಪಕ್ಕೆ ಹೋದರೆ ಹೊಸ ಆಯುಧ ಸಿಗುತ್ತದೆ, ಆದರೆ ಅಲ್ಲೇ ಎಲ್ಲ ಕಳೆದುಕೊಳ್ಳಲೂಬಹುದು. ಕೊನೆಯ ಯುದ್ಧವೂ ನೀವು ಎಷ್ಟು ದ್ವೀಪ ಮುಗಿಸಿದ್ದೀರಿ ಅನ್ನುವುದಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಇಲ್ಲಿ ಆಟದ ಉದ್ದವೇ ಒಂದು ನಡೆ. ಹೊತ್ತಾಯಿತು, ಎರಡಕ್ಕೇ ಮುಗಿಸುತ್ತೇನೆ ಅಂದರೂ ಆಟ ಸೊರಗುವುದಿಲ್ಲ. ಬೇರೆ ಆಟಗಳವರು ಇದನ್ನು ಯಾಕೆ ಇನ್ನೂ ಕಲಿಯಲಿಲ್ಲ ಅಂತ ನನಗೆ ನಿಜವಾಗಿಯೂ ಬೇಸರ.

ಓಲ್ಡ್ ವರ್ಲ್ಡ್ ಅನ್ನುವ ಆಟ ಕಾಲಿನ ಸಮಸ್ಯೆಗೇ ಕೈ ಹಾಕಿತು. ಇದನ್ನು ಮಾಡಿದ ಸೋರೆನ್ ಜಾನ್ಸನ್ ಅವರೇ ಸಿವ್ 4ರ ಮುಖ್ಯ ವಿನ್ಯಾಸಕಾರರೂ ಆಗಿದ್ದರು. ಇಲ್ಲಿ ಇತಿಹಾಸ ಪೂರ್ತಿ ಇಲ್ಲ, ಪ್ರಾಚೀನ ಕಾಲ ಮಾತ್ರ. ಟರ್ನ್‌ಗೆ ಒಂದು ವರ್ಷ, ಮಿತಿ 200 ಟರ್ನ್. ರಾಜ ಮುದುಕನಾಗಿ ಸಾಯುತ್ತಾನೆ, ಮಗಳೋ ಮಗನೋ ಪಟ್ಟಕ್ಕೆ ಬರುತ್ತಾರೆ. ಪ್ರತಿ ಟರ್ನ್‌ಗೆ ನಿಮಗೆ ಇಂತಿಷ್ಟು ಆರ್ಡರ್‌ಗಳು ಸಿಗುತ್ತವೆ. ಯೂನಿಟ್ ಒಂದು ಹೆಜ್ಜೆ ಇಟ್ಟರೂ ಅದರಲ್ಲೇ ಖರ್ಚಾಗಬೇಕು. ಆದರೆ ಒಂದೇ ಯೂನಿಟ್‌ಗೆ ಒಂದೇ ಟರ್ನ್‌ನಲ್ಲಿ ಹಲವು ಆರ್ಡರ್ ಕೊಡಬಹುದು, ಅದು ದಣಿಯುವವರೆಗೆ. ಆ ವರ್ಷ ಹೊಲಗದ್ದೆ, ಕಟ್ಟಡ ಎಲ್ಲ ಬದಿಗಿಟ್ಟು ಆರ್ಡರ್‌ಗಳನ್ನೆಲ್ಲ ಸೈನ್ಯಕ್ಕೇ ಸುರಿದರೆ ಪಡೆ ದೂರದ ಗಡಿಯವರೆಗೆ ಹೋಗಿಬಿಡುತ್ತದೆ. ದೂರಕ್ಕೆ ಇಲ್ಲಿ ಟರ್ನ್ ತೆರಬೇಕಿಲ್ಲ, ಗಮನ ತೆರಬೇಕು. ಹತ್ತು ಮಹತ್ವಾಕಾಂಕ್ಷೆಗಳನ್ನು ಪೂರೈಸಿದರೆ ಗೆಲುವು ಅನ್ನುವ ದಾರಿಯೂ ಇದೆ. ಹಾಗಾಗಿ ಗೆದ್ದೇ ಗೆಲ್ಲುತ್ತೇನೆ ಅಂತ ಗೊತ್ತಾದ ಮೇಲೂ ನೂರು ಟರ್ನ್ ಸುಮ್ನೆ ಒತ್ತುತ್ತಾ ಕೂರುವ ಕೆಲಸ ಕಮ್ಮಿ.

2025ರಲ್ಲಿ ಬಂದ ಸಿವಿಲೈಸೇಷನ್ 7 ಆಟವನ್ನೇ ಮೂರು ಯುಗಗಳಾಗಿ ಕತ್ತರಿಸಿತು. ಬೇಕಾದರೆ ಎರಡನೆಯ ಅಥವಾ ಮೂರನೆಯ ಯುಗದಿಂದಲೇ ಶುರು ಮಾಡಬಹುದು. ಯುಗದ ಉದ್ದಕ್ಕೂ ಬೇರೆ ಆಯ್ಕೆ ಇದೆ, ಗೇಮ್ ಸ್ಪೀಡಿಗೂ ಬೇರೆ. ಒಂದು ಯುಗ ಮುಗಿಸಿ ಎದ್ದು ಹೋಗಲು ಒಳ್ಳೆಯ ಜಾಗ ಸಿಗುತ್ತದೆ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಯುಗ ಮುಗಿದಾಗ ನಡೆಯುತ್ತಿದ್ದ ಯುದ್ಧವೂ ನಿಂತುಬಿಡುತ್ತದೆ. ಗೋಡೆ ಒಡೆದು ಒಳಗೆ ನುಗ್ಗುವ ಹೊತ್ತಿಗೆ ಪರದೆ ಬೀಳುವುದು ಯಾರಿಗೂ ಇಷ್ಟವಾಗಲಾರದು. ಇಲ್ಲಿ ಉದ್ದದ ಆಯ್ಕೆ ಇದೆ, ಕೊನೆಯನ್ನು ಆರಿಸುವ ಅವಕಾಶ ಇಲ್ಲ.

ನನಗೆ ಬೇಕಾದದ್ದು ಏನೆಂದರೆ, ಒಂದೇ ಗುಂಡಿ ಎಲ್ಲವನ್ನೂ ಒಟ್ಟಿಗೆ ಗುಣಿಸಬಾರದು. ವಿಜ್ಞಾನಕ್ಕೆ ಒಂದು, ಸೈನ್ಯಕ್ಕೆ ಒಂದು, ಊರು ಬೆಳೆಯುವುದಕ್ಕೆ ಒಂದು. ಬೇರೆ ಬೇರೆ ಸಂಖ್ಯೆ ಹಾಕಲು ಬಿಡಬೇಕು. ಇದು ಆಗದ ಕೆಲಸ ಅಲ್ಲ. ಫ್ರೀಸಿವ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ಅದು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಆಡಬಹುದಾದ, ಸೋರ್ಸ್ ಕೋಡ್ ತೆರೆದಿಟ್ಟಿರುವ ಆಟ. ಅದರ ಸರ್ವರ್ ಸೆಟ್ಟಿಂಗ್‌ನಲ್ಲಿ ಸೈನ್ಸ್‌ಬಾಕ್ಸ್, ಶೀಲ್ಡ್‌ಬಾಕ್ಸ್, ಫುಡ್‌ಬಾಕ್ಸ್ ಅಂತ ಮೂರು ಇವೆ. ಮೊದಲನೆಯದು ತಂತ್ರಜ್ಞಾನದ ಖರ್ಚು, ಎರಡನೆಯದು ಸೈನ್ಯ ಮತ್ತು ಕಟ್ಟಡದ ಖರ್ಚು, ಮೂರನೆಯದು ಊರು ಬೆಳೆಯಲು ಬೇಕಾದ ಆಹಾರ. ಮೂರೂ ಶೇಕಡಾ ಲೆಕ್ಕ, ಮಾಮೂಲಿಗೆ 100. ಆಟ ಯಾವ ಟರ್ನ್‌ಗೆ ಮುಗಿಯಬೇಕು ಅನ್ನುವುದಕ್ಕೆ ಎಂಡ್‌ಟರ್ನ್, ಒಂದು ಸರದಿಗೆ ಎಷ್ಟು ಸೆಕೆಂಡ್ ಅನ್ನುವುದಕ್ಕೆ ಟೈಮ್‌ಔಟ್.

ತಮ್ಮನಿಗೆ ಮುಂದಿನ ಆಟ ಇದರಲ್ಲೇ ಆಡೋಣ ಅಂತ ಬರೆದಿದ್ದೇನೆ. ಸೈನ್ಸ್‌ಬಾಕ್ಸ್ 200, ಉಳಿದೆರಡು 100. ಯುಗ ನಿಧಾನವಾಗಿ ಉರುಳುತ್ತದೆ, ಸೈನ್ಯ ಮಾಮೂಲಿ ಬೆಲೆಗೇ ಸಿಗುತ್ತದೆ, ಊರು ಮಾಮೂಲಿಯಾಗಿಯೇ ಬೆಳೆಯುತ್ತದೆ. ಅವನು ಫುಡ್‌ಬಾಕ್ಸ್ 80ಕ್ಕೆ ಇಳಿಸೋಣ, ಆಗ ಊರುಗಳು ಬೇಗ ದೊಡ್ಡದಾಗಿ ಕಿತ್ತಾಡಲು ಕಾರಣ ಸಿಗುತ್ತದೆ ಅನ್ನುತ್ತಿದ್ದಾನೆ. ನನಗೆ 90 ಸಾಕು ಅನ್ನಿಸುತ್ತಿದೆ. ಟೈಮ್‌ಔಟ್ ಮಾತ್ರ ಸೊನ್ನೆ. ಆಗ ಇಬ್ಬರೂ ಮುಗಿಸುವವರೆಗೆ ಟರ್ನ್ ಕಾಯುತ್ತದೆ.